ತೂಗಿಬಿಟ್ಟ ಪೈಪು, ಸಿಕ್ಕಿಬಿದ್ದ ಸೋರ್ಸು: ಕೊಡಗಿನ ಒಂದು ಪೆನ್‌ಸ್ಟಾಕ್ ಕೆಲಸದ ಪ್ರಕರಣ

ಕೊಡಗಿನ ಪಶ್ಚಿಮದ ಇಳಿಜಾರಿನಲ್ಲಿರುವ ಒಂದು ಚಿಕ್ಕ ಜಲವಿದ್ಯುತ್ ಘಟಕದಲ್ಲಿ ನಡೆದ ಪ್ರಕರಣ ಇದು. ಘಟಕದ ಹೆಸರು, ಗುತ್ತಿಗೆದಾರರ ಹೆಸರು ಇಲ್ಲಿ ಬೇಡ. ಯಾರಿಗೂ ಪೆಟ್ಟಾಗಲಿಲ್ಲ, ಯಾರ ಡೋಸೂ (ಮೈಗೆ ತಗುಲುವ ವಿಕಿರಣದ ಪ್ರಮಾಣ) ಮಿತಿ ದಾಟಲಿಲ್ಲ. ಹಾಗಾಗಿ ಪತ್ರಿಕೆಯಲ್ಲೂ ಬರಲಿಲ್ಲ. ಆದರೆ ಸರಪಳಿ ಎಳೆದು ಭಾರ ಎತ್ತುವ ಚೈನ್ ಬ್ಲಾಕ್ ಕೆಲಸ ಮತ್ತು ವಿಕಿರಣದಿಂದ ಬೆಸುಗೆಯ ಒಳಗನ್ನು ನೋಡುವ ರೇಡಿಯೋಗ್ರಫಿ ಕೆಲಸ ಒಂದೇ ಜಾಗದಲ್ಲಿ ನಡೆದಾಗ ಏನಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೆಲಸ ಮುಗಿದ ಮೇಲೆ ಸುರಕ್ಷತಾ ವರದಿ ಬರೆಯುವ ಪಾಲು ನನ್ನದಾಗಿತ್ತು. ಎಲ್ಲರ ಹೇಳಿಕೆ ಕೇಳಿ, ಜಾಗ ಅಳೆದು, ಬಿಚ್ಚಿದ ಚೈನ್ ಬ್ಲಾಕ್ ನೋಡಿ ಬರೆದದ್ದರ ಸಾರ ಇದು.

ಬೆಟ್ಟದ ಮೇಲಿನ ತೊಟ್ಟಿಯಿಂದ ಕೆಳಗಿನ ಪವರ್‌ಹೌಸ್‌ಗೆ ನೀರು ತರುವ ಉಕ್ಕಿನ ಪೈಪನ್ನೇ ಪೆನ್‌ಸ್ಟಾಕ್ ಅನ್ನುವುದು. ಇಲ್ಲಿನದು 900 ಮಿ.ಮೀ. ವ್ಯಾಸ, 12 ಮಿ.ಮೀ. ದಪ್ಪದ ಪೈಪು. ಮಣ್ಣು ಜಾರಿ ಒಂದು ಕಡೆ ಲೈನ್ ಅಲುಗಾಡಿತ್ತು. ಹಳೆಯ ತುಂಡು ಕತ್ತರಿಸಿ ತೆಗೆದು, ಮೂರು ಮೂರು ಮೀಟರಿನ ಹೊಸ ತುಂಡುಗಳನ್ನು ಬೆಸೆಯಬೇಕಿತ್ತು. ಒಂದೊಂದು ತುಂಡೂ ಸುಮಾರು 800 ಕಿಲೋ. ಕ್ರೇನ್ ಹೋಗುವ ದಾರಿ ಇಲ್ಲ. ಕಾಫಿ ತೋಟದ ನಡುವಿನ ಕಾಲುದಾರಿ, ಅದರಾಚೆ ಕಾಡು. ಹಾಗಾಗಿ ಎಲ್ಲವೂ ಕೈ ಕೆಲಸ. ಕೆಳಗಿನಿಂದ ಪೈಪನ್ನು ಎಳೆದು ತರಲು ಟಿರ್ಫರ್ ಎಂಬ ಕೈಯಂತ್ರ. ಎತ್ತಿ ಕೂರಿಸಲು ಮೂರು ಕಾಲಿನ ಡೆರಿಕ್, ಅದಕ್ಕೆ ನೇತುಹಾಕಿದ 2 ಟನ್ನಿನ ಚೈನ್ ಬ್ಲಾಕ್. ಜೊತೆಗೆ ಒಂದಷ್ಟು ಸ್ಲೀಪರ್ ಮರ, ಭಾರಕ್ಕೆ ಸುತ್ತುವ ಸ್ಲಿಂಗು, ಅದನ್ನು ಜೋಡಿಸುವ ಶ್ಯಾಕಲ್.

ಎತ್ತುವ ತಂಡ ಕೋಳಿಕ್ಕೋಡ್ ಕಡೆಯ ಖಲಾಸಿಗಳದ್ದು. ಮುಖ್ಯಸ್ಥರನ್ನು ಎಲ್ಲರೂ ಇಕ್ಕ ಅಂತಲೇ ಕರೆಯುತ್ತಿದ್ದರು. ಈ ಜನರ ಕೈಚಳಕದ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. 1988ರಲ್ಲಿ ಕೇರಳದ ಪೆರುಮಣ್‌ನಲ್ಲಿ ರೈಲು ಅಷ್ಟಮುಡಿ ಸರೋವರಕ್ಕೆ ಬಿದ್ದಾಗ ಬೋಗಿಗಳನ್ನು ಎತ್ತಲು ಕರೆಸಿದ್ದು ಇಂಥ ಖಲಾಸಿಗಳನ್ನೇ. ಭಾರದ ವಿಷಯದಲ್ಲಿ ಅವರಿಗೆ ಪಾಠ ಹೇಳುವವರು ಕೊಡಗಿನಲ್ಲಿ ಯಾರೂ ಇರಲಿಲ್ಲ. ವಿಕಿರಣದ ವಿಷಯ ಬೇರೆ.

ಬೆಸುಗೆ ಒಳಗೆ ಸರಿಯಾಗಿ ಕೂತಿದೆಯೇ ನೋಡಲು ರೇಡಿಯೋಗ್ರಫಿ ಮಾಡುತ್ತಾರೆ. ಎಕ್ಸ್‌ರೇ ಯಂತ್ರದ ಬದಲು ಇರಿಡಿಯಂ-192 ಎಂಬ ವಿಕಿರಣ ಸೋರ್ಸ್ ಬಳಸುತ್ತಾರೆ. ಕರೆಂಟ್ ಬೇಡ, ಬೆಟ್ಟದ ಮೇಲೂ ಒಯ್ಯಬಹುದು. ಸೋರ್ಸ್ ಬೆರಳಿನ ತುದಿಯಷ್ಟೂ ಇಲ್ಲದ ಒಂದು ಲೋಹದ ಕ್ಯಾಪ್ಸೂಲ್. ಅದನ್ನು ಇಡುವ ಪೆಟ್ಟಿಗೆಗೆ ಕ್ಯಾಮೆರಾ ಅನ್ನುತ್ತಾರೆ. ಒಳಗೆ ಯುರೇನಿಯಂ ಕವಚ ಇರುವುದರಿಂದ ಚಿಕ್ಕದಾದರೂ ಅದು 24 ಕಿಲೋ ತೂಗುತ್ತದೆ. ಕ್ಯಾಮೆರಾದ ಮುಂದಿನಿಂದ ಗೈಡ್ ಟ್ಯೂಬ್ ಬೆಸುಗೆಯ ತನಕ ಹೋಗುತ್ತದೆ. ಹಿಂದಿನಿಂದ ಕೇಬಲ್ ಕ್ರ್ಯಾಂಕಿನ ತನಕ ಬರುತ್ತದೆ. ಕ್ರ್ಯಾಂಕ್ ತಿರುಗಿಸಿದರೆ ಕೇಬಲ್ಲಿನ ತುದಿಯಲ್ಲಿರುವ ಸೋರ್ಸ್ ಹೊರಗೆ ಹೋಗುತ್ತದೆ, ಹಿಂದೆ ತಿರುಗಿಸಿದರೆ ಒಳಗೆ ಬರುತ್ತದೆ.

ಇಲ್ಲಿ ಒಂದು ಲೆಕ್ಕ ತಲೆಯಲ್ಲಿ ಇಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಆ ದಿನ ಸೋರ್ಸಿನ ಬಲ 30 ಕ್ಯೂರಿ. ಅದು ಕ್ಯಾಮೆರಾದ ಒಳಗಿದ್ದರೆ 1 ಮೀಟರ್ ದೂರದಲ್ಲಿ ಗಂಟೆಗೆ 0.02 ಮಿಲಿಸೀವರ್ಟ್ (ಡೋಸಿನ ಅಳತೆ) ದಾಟಬಾರದು ಅನ್ನುವುದು ನಿಯಮ. ಹೊರಗೆ ಬಂದರೆ ಅದೇ 1 ಮೀಟರಿನಲ್ಲಿ ಗಂಟೆಗೆ ಸುಮಾರು 145 ಮಿಲಿಸೀವರ್ಟ್. ಏಳು ಸಾವಿರ ಪಟ್ಟು! ದೂರ ಎರಡರಷ್ಟಾದರೆ ಡೋಸ್ ಕಾಲು ಭಾಗಕ್ಕೆ ಇಳಿಯುತ್ತದೆ. ಮೂರರಷ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಹತ್ತಿರ ಹೋದರೂ ಇದೇ ಲೆಕ್ಕ, ಆದರೆ ಉಲ್ಟಾ: 10 ಸೆಂಟಿಮೀಟರಿನಲ್ಲಿ ನೂರು ಪಟ್ಟು. ನಮ್ಮ ದೇಶದಲ್ಲಿ ವಿಕಿರಣ ಕೆಲಸಗಾರರಿಗೆ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಉಳಿದ ಜನರಿಗೆ ವರ್ಷಕ್ಕೆ 1. ಇಕ್ಕ ಮತ್ತು ಅವರ ಹುಡುಗರು ಈ ಎರಡನೇ ಪಟ್ಟಿಯವರು.

ಆ ಸಂಜೆ ಏನಾಯಿತು

ಮಾರ್ಚ್ ತಿಂಗಳು. ನೀರು ಕಡಿಮೆ ಇರುವ ಕಾಲ ಅಂತಲೇ ರಿಪೇರಿ ಆಗ ಇಟ್ಟುಕೊಂಡದ್ದು. ಮಧ್ಯಾಹ್ನ ಕಾಫಿ ಹೂ ಅರಳಿಸುವ ಒಳ್ಳೆಯ ಹೂಮಳೆ ಬಂತು. ತೋಟದವರಿಗೆ ಖುಷಿಯೋ ಖುಷಿ. ಸೈಟಿನಲ್ಲಿ ಮಾತ್ರ ಮೂರು ಗಂಟೆ ಕೆಲಸ ನಿಂತಿತು.

ಮಳೆ ಬಿಡುವ ಹೊತ್ತಿಗೆ ಒಂದು ತುಂಡು ಬೆಸೆದು ಮುಗಿದಿತ್ತು. ಮುಂದಿನ ತುಂಡನ್ನು ಡೆರಿಕ್‌ಗೆ ತೂಗಿಹಾಕಿ ಬಾಯಿಗೆ ಬಾಯಿ ಹೊಂದಿಸುವಷ್ಟರಲ್ಲಿ ಕತ್ತಲಾಯಿತು. ಬೆಳಗ್ಗೆ ಹೊಂದಿಸಿದರಾಯಿತು ಅಂತ ಅದನ್ನು ಹಾಗೇ ಬಿಟ್ಟರು. ನೆಲದಿಂದ ಮೊಣಕಾಲೆತ್ತರ, ಪಕ್ಕಕ್ಕೆ ಸ್ವಲ್ಪ ಸರಿಸಿ, ಹ್ಯಾಂಡ್ ಚೈನನ್ನು ಡೆರಿಕ್ಕಿನ ಕಾಲಿಗೆ ಒಂದು ಸುತ್ತು ಕಟ್ಟಿ. ಇಳಿಸಿ ಮತ್ತೆ ಎತ್ತಲು ಒಂದೂವರೆ ಗಂಟೆ ಹಿಡಿಯುತ್ತದೆ, ಮಳೆಯಲ್ಲಿ ಮೊದಲೇ ಸಮಯ ಹೋಗಿದೆ ಅನ್ನುವುದು ಗುತ್ತಿಗೆದಾರರ ಮೇಲ್ವಿಚಾರಕನ ಮಾತು. ಇಕ್ಕನಿಗೆ ಅದು ಇಷ್ಟ ಇರಲಿಲ್ಲ ಅಂತ ಆಮೇಲೆ ಹೇಳಿದರು. ಆಗ ಗಟ್ಟಿಯಾಗಿ ಹೇಳಿದ್ದಕ್ಕೆ ಸಾಕ್ಷಿ ಇಲ್ಲ.

ರೇಡಿಯೋಗ್ರಫಿಯವರು ಬಂದದ್ದು ಕತ್ತಲಾದ ಮೇಲೆ. ಬಯಲು ಸೈಟಿನಲ್ಲಿ ಈ ಕೆಲಸ ರಾತ್ರಿಯೇ ಮಾಡುವುದು ರೂಢಿ, ಉಳಿದ ಕೆಲಸದವರು ಇರುವುದಿಲ್ಲ. ಕೊಡಗಿನಲ್ಲಿ ರಾತ್ರಿಗೆ ಅದರದೇ ತಕರಾರು ಇದೆ: ಆನೆ. ಕಾವಲಿಗೆ ಒಬ್ಬರನ್ನೇ ನಿಲ್ಲಿಸುವ ಹಾಗಿಲ್ಲ, ಪ್ರತಿ ದಾರಿಗೂ ಇಬ್ಬರು ಬೇಕು.

ಬೆಸುಗೆ ಇದ್ದದ್ದು ಪೈಪಿನ ತೆರೆದ ಬಾಯಿಂದ 3 ಮೀಟರ್ ಒಳಗೆ. ಸುತ್ತಲೂ ಹೊರಗಿನಿಂದ ಫಿಲ್ಮ್ ಸುತ್ತಿ, ಸೋರ್ಸನ್ನು ಪೈಪಿನ ನಟ್ಟನಡುವೆ ನಿಲ್ಲಿಸಿದರೆ ಒಂದೇ ಸಲಕ್ಕೆ ಪೂರ್ತಿ ಬೆಸುಗೆ ಮೂಡುತ್ತದೆ. ಒಳ್ಳೆಯ ವಿಧಾನ. ಕ್ಯಾಮೆರಾವನ್ನು ಬಾಯಿಯ ಹೊರಗೆ ಇಟ್ಟರು. ಗೈಡ್ ಟ್ಯೂಬ್, ಪೈಪನ್ನು ಹೊರುವ ಕಾಂಕ್ರೀಟ್ ಸ್ಯಾಡಲ್ಲಿನ ಮೇಲೆ ಹಾದು ಪೈಪಿನೊಳಗೆ ಹೋಯಿತು. ಸ್ಯಾಡಲ್ಲಿನ ಮೇಲೇ, ಟ್ಯೂಬಿಗಿಂತ ಎರಡು ಗೇಣು ಮೇಲೆ, ತೂಗಿಬಿಟ್ಟ ಪೈಪಿನ ಒಂದು ತುದಿ ಇತ್ತು.

ರೇಡಿಯೋಗ್ರಾಫರ್ ಅದನ್ನು ನೋಡಿದ್ದ. "ಚೈನ್ ಬ್ಲಾಕ್ ಅಲ್ವಾ, ಲಾಕ್ ಆಗಿರುತ್ತೆ ಅಂದುಕೊಂಡೆ ಸಾರ್" ಅಂದ. ಅವನ ಕೆಲಸ ವಿಕಿರಣದ್ದು, ಭಾರ ಅವನ ಪಾಲಿಗೆ ಬೇರೆಯವರ ಕೆಲಸ. ಇಕ್ಕನ ಪಾಲಿಗೆ ವಿಕಿರಣ ಬೇರೆಯವರ ಕೆಲಸ. ಎರಡೂ ಕಡೆಯ ಪರ್ಮಿಟ್ ಕಾಗದ ನೋಡಿದೆ. ಎರಡೂ ಸರಿಯಾಗಿಯೇ ಇದ್ದವು. ಒಂದರಲ್ಲೂ ಇನ್ನೊಂದರ ಸುದ್ದಿ ಇರಲಿಲ್ಲ.

ಎಕ್ಸ್‌ಪೋಶರ್ ಮುಗಿಸಿ ಕ್ರ್ಯಾಂಕ್ ಹಿಂದೆ ತಿರುಗಿಸಿದಾಗ ಮೊದಲು ಸಲೀಸಾಗಿ ಬಂತು. ಆಮೇಲೆ ಗಟ್ಟಿಯಾಗಿ ನಿಂತುಬಿಟ್ಟಿತು. ಅವನು ಇದ್ದದ್ದು ಕೆಳಗಿನ ಆ್ಯಂಕರ್ ಬ್ಲಾಕಿನ ಮರೆಯಲ್ಲಿ. ಪೆನ್‌ಸ್ಟಾಕನ್ನು ಬೆಟ್ಟಕ್ಕೆ ಹಿಡಿದಿಡುವ ಕಾಂಕ್ರೀಟ್ ದಿಮ್ಮಿ ಅದು, ಆಳೆತ್ತರ, ಅಷ್ಟೇ ದಪ್ಪ. ಇರಿಡಿಯಂನ ವಿಕಿರಣ ನಾಲ್ಕೂವರೆ ಸೆಂಟಿಮೀಟರ್ ಕಾಂಕ್ರೀಟಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹಾಗಾದರೆ ಮುಕ್ಕಾಲು ಭಾಗ ಮೀಟರ್ ದಪ್ಪಕ್ಕೇ ಅದು ಲೆಕ್ಕಕ್ಕಿಲ್ಲ. ಕ್ರ್ಯಾಂಕ್ ಇಡಲು ಆ ಜಾಗ ಆರಿಸಿದ್ದು ಅವನ ಜಾಣತನ, ಆ ರಾತ್ರಿ ಅವನನ್ನು ಕಾಪಾಡಿದ್ದೂ ಅದೇ.

ವಿಕಿರಣ ಅಳೆಯುವ ಸರ್ವೆ ಮೀಟರ್ ಹಿಡಿದು ಒಂದು ಹೆಜ್ಜೆ ಈಚೆ ಬಂದ. ಮುಳ್ಳು ಎದ್ದುನಿಂತಿತು. ಹಿಂದೆ ಸರಿದ. ದೂರದಿಂದ ಟಾರ್ಚ್ ಹಾಕಿ ನೋಡಿದರೆ ತೂಗಿದ್ದ ಪೈಪಿನ ತುದಿ ಸ್ಯಾಡಲ್ ಮೇಲೆ ಕೂತಿದೆ, ಟ್ಯೂಬ್ ಅದರಡಿ. ಸದ್ದಿಲ್ಲದೆ, ನಿಧಾನಕ್ಕೆ ಇಳಿದುಬಿಟ್ಟಿತ್ತು. ಕೇಬಲ್ ತೆಳ್ಳಗಿರುವುದರಿಂದ ಚಪ್ಪಟೆಯಾದ ಟ್ಯೂಬಿನಲ್ಲೂ ಹರಿದು ಬಂದಿತ್ತು. ಅದರ ತುದಿಯ ಕ್ಯಾಪ್ಸೂಲ್ ದಪ್ಪ, ಬರಲಿಲ್ಲ. ಅಂದರೆ ಸೋರ್ಸ್ ಈಗ ಪೈಪಿನ ಬಾಯಿಯ ಹೊರಗೆ, ಬಯಲಲ್ಲಿ ನಿಂತಿದೆ.

"ಎರಡು ನಿಮಿಷ ಸಾಕು"

ಸುದ್ದಿ ಶೆಡ್‌ಗೆ ಮುಟ್ಟಿದ ಕೂಡಲೇ ಇಕ್ಕ ಎದ್ದುಬಂದರು. "ಎರಡು ನಿಮಿಷ ಸಾಕು ಸಾರ್. ಓಡಿಹೋಗಿ ಚೈನ್ ಎಳೆದು ಎತ್ತಿಬಿಡ್ತೀನಿ. ನೀವು ಆ ಕಡೆಯಿಂದ ಎಳ್ಕೊಳ್ಳಿ." ಧೈರ್ಯದ ಮಾತು, ಮನಸ್ಸಿನಿಂದ ಬಂದದ್ದು. ಸೈಟಿನಲ್ಲಿದ್ದ ಎಲ್ಲರಿಗೂ ಆ ಕ್ಷಣ ಅದೇ ಸರಿ ಅನ್ನಿಸಿತ್ತಂತೆ.

ಲೆಕ್ಕ ಹಾಕಿ. ಹ್ಯಾಂಡ್ ಚೈನ್ ನೇತಾಡುತ್ತಿದ್ದದ್ದು ಸೋರ್ಸಿನಿಂದ ಒಂದು ಮೀಟರ್ ಆಸುಪಾಸು. ಅಲ್ಲಿ ನಿಮಿಷಕ್ಕೆ ಸುಮಾರು 2.4 ಮಿಲಿಸೀವರ್ಟ್. ಎರಡು ನಿಮಿಷಕ್ಕೆ ಹತ್ತಿರ ಹತ್ತಿರ 5. ಸಾಮಾನ್ಯ ಮನುಷ್ಯನಿಗೆ ಐದು ವರ್ಷದ ಪಾಲು. ಅದರಿಂದ ಇಕ್ಕ ಅಲ್ಲೇ ಕುಸಿಯುತ್ತಿರಲಿಲ್ಲ, ಚರ್ಮ ಸುಡುತ್ತಿರಲಿಲ್ಲ, ಏನೂ ಗೊತ್ತಾಗುತ್ತಲೇ ಇರಲಿಲ್ಲ. ತೊಂದರೆ ಇರುವುದೇ ಅಲ್ಲಿ. ಮೈಗೆ ಏನೂ ತಿಳಿಯದಿದ್ದರೆ ಎರಡು ನಿಮಿಷ ಹೋಗಿ ಹತ್ತು ನಿಮಿಷ ಆಗುತ್ತದೆ.

ಚೈನ್ ಬ್ಲಾಕ್ ನಿಧಾನದ ಸಾಧನ, ಅದರ ಗುಣವೇ ಅದು. ಈ ಬ್ಲಾಕಿನಲ್ಲಿ ಭಾರ 15 ಸೆಂಟಿಮೀಟರ್ ಏರಬೇಕಾದರೆ ಸುಮಾರು 10 ಮೀಟರ್ ಹ್ಯಾಂಡ್ ಚೈನ್ ಕೈಯಲ್ಲಿ ಹಾದುಹೋಗಬೇಕು. ಗಂಟು ಬಿಚ್ಚುವುದು, ಸ್ಲಿಂಗ್ ನೋಡುವುದು, ಪೈಪ್ ತೂಗಾಡದ ಹಾಗೆ ಹಿಡಿಯುವುದು ಬೇರೆ. ಅದೂ ಕತ್ತಲಲ್ಲಿ, ಒದ್ದೆ ನೆಲದಲ್ಲಿ. ಜೊತೆಗೆ ಯಾರೂ ಕೇಳದಿದ್ದ ಪ್ರಶ್ನೆ ಒಂದಿತ್ತು. ತಾನಾಗೇ ಜಾರಿದ ಬ್ಲಾಕು ಎತ್ತಿದ ಮೇಲೆ ನಿಲ್ಲುತ್ತದೆ ಅನ್ನುವುದಕ್ಕೆ ಏನು ಖಾತ್ರಿ?

ತಡೆದವನು ಇಕ್ಕನ ತಂಡದ ಒಬ್ಬ ಹುಡುಗ. ಸೋಮವಾರಪೇಟೆ ಕಡೆಯವನು, ಕೈಗಾ ಅಣುಸ್ಥಾವರದಲ್ಲಿ ಶಟ್‌ಡೌನ್ ಕೆಲಸ ಮಾಡಿ ಬಂದಿದ್ದ. "ಬೇಡ ಇಕ್ಕ, ಅಲ್ಲಿ ಹೀಗೆಲ್ಲ ಬಿಡೋದೇ ಇಲ್ಲ. ಮೊದಲು ಹಿಂದೆ ಬರಬೇಕು, ಆಮೇಲೆ ಮಾತು" ಅಂದ. ಆರ್‌ಎಸ್‌ಒ, ಅಂದರೆ ವಿಕಿರಣ ಸುರಕ್ಷತಾ ಅಧಿಕಾರಿ, ಫೋನಿನಲ್ಲಿ ಸಿಕ್ಕಿದ ಮೇಲೆ ಅವರೂ ಹೇಳಿದ್ದು ಅದನ್ನೇ.

ವಾಪಸ್ ತರಲಾಗದ್ದನ್ನು ದೂರ ಕಳಿಸಿದ್ದು

ಇಡೀ ಪ್ರಕರಣದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದು. ಸೋರ್ಸ್ ಸಿಕ್ಕಿಬಿದ್ದಾಗ ಎಲ್ಲರ ಮನಸ್ಸೂ ಅದನ್ನು ಒಳಗೆ ಎಳೆಯುವ ಕಡೆಗೇ ಇರುತ್ತದೆ. ಇನ್ನೂ ಬಲವಾಗಿ ತಿರುಗಿಸು, ಇನ್ನೊಬ್ಬ ಬಾ, ಎಳಿ. ಹಾಗೆ ಎಳೆದು ಕೇಬಲ್ಲಿನಿಂದ ಸೋರ್ಸ್ ಕಳಚಿಕೊಂಡರೆ ಕಥೆ ಬೇರೆಯೇ ಆಗುತ್ತದೆ. ಆರ್‌ಎಸ್‌ಒ ಫೋನಿನಲ್ಲೇ ಉಲ್ಟಾ ಹೇಳಿದರು: ಮುಂದಕ್ಕೆ ತಿರುಗಿಸಿ, ಮತ್ತೆ ಬೆಸುಗೆಯ ಹತ್ತಿರ ಕಳಿಸಿ.

ಕೇಬಲ್ ಹರಿದುಬಂದಿದ್ದ ದಾರಿಯಲ್ಲೇ ಹರಿದುಹೋಯಿತು. ಸೋರ್ಸ್ ಪೈಪಿನೊಳಗೆ 3 ಮೀಟರ್ ಆಳಕ್ಕೆ ಹೋಗಿ ಕೂತಿತು. ಈಗ ಎತ್ತಬೇಕಾದ ಜಾಗಕ್ಕೂ ಸೋರ್ಸಿಗೂ ನಡುವೆ 3 ಮೀಟರ್ ಅಂತರ. ಅಲ್ಲಿನ ಡೋಸ್ ಗಂಟೆಗೆ 16 ಮಿಲಿಸೀವರ್ಟ್‌ಗೆ ಇಳಿಯಿತು. ಬಾಯಿಯ ಎದುರು ನಿಂತರೆ ಮಾತ್ರ ಇಷ್ಟು. ಪಕ್ಕಕ್ಕೆ ಸರಿದು ನಿಂತರೆ ವಿಕಿರಣ ಪೈಪಿನ ಗೋಡೆಯನ್ನು ಓರೆಯಾಗಿ ದಾಟಿ ಬರಬೇಕು. 12 ಮಿ.ಮೀ. ಗೋಡೆ ಓರೆಯಲ್ಲಿ 4 ಸೆಂಟಿಮೀಟರ್‌ಗಿಂತ ಜಾಸ್ತಿ ಉಕ್ಕಾಗುತ್ತದೆ. ಅಲ್ಲಿಗೆ ಲೆಕ್ಕದ ಪ್ರಕಾರ ಇನ್ನೂ ಹತ್ತರಲ್ಲಿ ಒಂದು. ಒಂದು ಪೈಸೆ ಖರ್ಚಿಲ್ಲದೆ, ಒಬ್ಬರೂ ಹತ್ತಿರ ಹೋಗದೆ, ಬರೀ ಕ್ರ್ಯಾಂಕ್ ತಿರುಗಿಸಿ ಇಷ್ಟು ಲಾಭ.

ಆಮೇಲೆ ಮಾಡಿದ್ದು ಕಾಯುವ ಕೆಲಸ. ಸೋರ್ಸ್ ಎಲ್ಲೂ ಹೋಗುವುದಿಲ್ಲ, ಬೆಂಕಿಯ ಹಾಗೆ ಹರಡುವುದೂ ಇಲ್ಲ. ಬೆಳಕಾಗುವ ತನಕ ಕಾದರೆ ನಷ್ಟ ಇಲ್ಲ. ಕತ್ತಲಲ್ಲಿ 800 ಕಿಲೋ ಪೈಪಿನ ಜೊತೆ ಗುದ್ದಾಡುವುದರಲ್ಲಿ ನಷ್ಟ ಇದೆ. ಗುತ್ತಿಗೆದಾರರ ಕಡೆಯಿಂದ ಫೋನಿನ ಮೇಲೆ ಫೋನು ಬಂತಂತೆ. ಆರ್‌ಎಸ್‌ಒ ಜಗ್ಗಲಿಲ್ಲ.

ಕಾಯುವುದೂ ಸುಮ್ನೆ ಕೂರುವ ಕೆಲಸ ಅಲ್ಲ. ಹಗ್ಗದ ಬೇಲಿಯನ್ನು ದೂರಕ್ಕೆ ಸರಿಸಿದರು, ಕೆಂಪು ದೀಪ ಇಟ್ಟರು. ಪೈಪಿನ ಬಾಯಿ ನೋಡುತ್ತಿದ್ದ ದಿಕ್ಕಿನಲ್ಲಿ, 60 ಮೀಟರ್ ಕೆಳಗೆ, ತೋಟದ ಕಾಲುದಾರಿ ಹಾದುಹೋಗುತ್ತದೆ. ಅದನ್ನು ಎರಡೂ ಕಡೆ ಮುಚ್ಚಿದರು. ರಾತ್ರಿ ಹನ್ನೊಂದರ ಸುಮಾರಿಗೆ ಪಕ್ಕದ ತೋಟದ ಯಜಮಾನರೊಬ್ಬರು ಕೋವಿ, ಟಾರ್ಚ್ ಹಿಡಿದು ಅದೇ ದಾರಿಯಲ್ಲಿ ಬಂದರು. ಆನೆ ಇಳಿದಿದೆಯೇನೋ ಅಂತ ನೋಡಲು ಹೊರಟವರು. "ಸಾವ್ಕಾರ್ರೇ, ಈ ಕಡೆ ಬರ್ಬೇಡಿ, ಮೇಲಿನ ರಸ್ತೆಯಲ್ಲಿ ಹೋಗಿ" ಅಂದರೆ, "ನನ್ನ ತೋಟಕ್ಕೆ ನಾನು ಹೋಗೋಕೆ ನಿನ್ನ ಪರ್ಮಿಷನ್ ಬೇಕಾ?" ಅಂತ ಕೇಳಿದರಂತೆ. ಕಾವಲಿನವರಿಗೆ ಕಾರಣ ಹೇಳಿಕೊಟ್ಟಿರಲಿಲ್ಲ, 'ಯಾರನ್ನೂ ಬಿಡಬೇಡಿ' ಅಂತಷ್ಟೇ ಹೇಳಿದ್ದರು. ಕೊನೆಗೆ ರೇಡಿಯೋಗ್ರಾಫರ್ ಬಂದು ವಿವರಿಸಿದ ಮೇಲೆ ಯಜಮಾನರೇ ತಮ್ಮ ಕೆಲಸದವರ ಲೈನ್ ಮನೆಗಳಿಗೆ ಹೇಳಿಕಳಿಸಿ, ಬೆಳಗ್ಗೆ ಯಾರೂ ಆ ದಾರಿಗೆ ಬರದ ಹಾಗೆ ನೋಡಿಕೊಂಡರು. ಅಸಲಿಗೆ 60 ಮೀಟರಿನಲ್ಲಿ ಡೋಸ್ ಗಂಟೆಗೆ 0.04 ಮಿಲಿಸೀವರ್ಟ್. ದಾಟಿಹೋಗುವ ಒಂದು ನಿಮಿಷಕ್ಕೆ ಏನೂ ಆಗುವುದಿಲ್ಲ. ಅಲ್ಲೇ ಆನೆಗೆ ಕಾದು ಕೂತರೆ ಲೆಕ್ಕಕ್ಕೆ ಬರುತ್ತದೆ.

ಇಷ್ಟೆಲ್ಲ ಯಾಕೆ ಅನ್ನುವವರಿಗೆ ಪೆರು ದೇಶದ ಯಾನಾಂಗೊ ನೆನಪಿಸಬೇಕು. 1999ರ ಫೆಬ್ರುವರಿ. ಅದೂ ಜಲವಿದ್ಯುತ್ ಘಟಕವೇ, ಅದೂ ಇರಿಡಿಯಂ ಸೋರ್ಸೇ, 37 ಕ್ಯೂರಿ. ಕ್ಯಾಮೆರಾದಿಂದ ಕಳಚಿ ಬಿದ್ದಿದ್ದ ಸೋರ್ಸನ್ನು ಒಬ್ಬ ವೆಲ್ಡರ್ ಏನೋ ಲೋಹದ ಚೂರು ಅಂತ ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡ. ಕೆಲವು ಗಂಟೆ ಅದು ಅಲ್ಲೇ ಇತ್ತು. ಅವನ ಕಾಲು ಕತ್ತರಿಸಬೇಕಾಯಿತು.

ಬೆಳಗ್ಗೆ ಎತ್ತಿದ ಕ್ರಮ

ಆರ್‌ಎಸ್‌ಒ ಬಂದ ಮೇಲೆ ಮೊದಲ ಒಂದು ಗಂಟೆ ಯಾರೂ ಏನನ್ನೂ ಮುಟ್ಟಲಿಲ್ಲ. ಅವರೂ ಇಕ್ಕನೂ ಪಕ್ಕ ಪಕ್ಕ ಕೂತು ನೆಲದ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದರು. ಒಬ್ಬರಿಗೆ ಡೋಸ್ ಗೊತ್ತು, ಒಬ್ಬರಿಗೆ ಭಾರ ಗೊತ್ತು. ಈ ಮಾತುಕತೆ ಹಿಂದಿನ ಸಂಜೆಯೇ ಆಗಬೇಕಿತ್ತು.

ಜಾರಿದ ಚೈನ್ ಬ್ಲಾಕನ್ನು ಬಳಸುವುದಿಲ್ಲ ಅನ್ನುವುದು ಮೊದಲ ತೀರ್ಮಾನ. ಹ್ಯಾಂಡ್ ಚೈನಿಗೆ ಉದ್ದದ ಹಗ್ಗ ಕಟ್ಟಿ ದೂರದಿಂದ ಎಳೆಯೋಣ ಅಂತ ಯಾರೋ ಅಂದರು. ಓರೆಯಾಗಿ ಎಳೆದರೆ ಚೈನ್ ಚಕ್ರದಿಂದ ಹಾರುತ್ತದೆ, ಆಗ ಹತ್ತಿರ ಹೋಗಲೇಬೇಕಾಗುತ್ತದೆ ಅಂತ ಇಕ್ಕ ತಳ್ಳಿಹಾಕಿದರು.

ಕೈಗೆ ಬಂದದ್ದು ಟಿರ್ಫರ್. ಸನ್ನೆಕೋಲು ಹಾಕಿ ಆಚೆ ಈಚೆ ಆಡಿಸಿದರೆ ತಂತಿಹಗ್ಗವನ್ನು ಇಂಚಿಂಚಾಗಿ ಎಳೆಯುವ ಯಂತ್ರ ಅದು. ಅದರ ದೊಡ್ಡ ಗುಣ ಏನೆಂದರೆ ಎಳೆಯುವವನು ಭಾರದ ಹತ್ತಿರ ಇರಬೇಕಿಲ್ಲ. ಹಗ್ಗ ಎಷ್ಟು ಉದ್ದವೋ ಅಷ್ಟು ದೂರ. ಪೈಪ್ ಎಳೆದು ತಂದ ಟಿರ್ಫರ್ ಮೇಲಿನ ಆ್ಯಂಕರ್ ಬ್ಲಾಕಿಗೆ ಕಟ್ಟಿದ ಹಾಗೇ ಇತ್ತು. ಅದರ ಹಗ್ಗ ಡೆರಿಕ್ಕಿನ ಕಾಲಿನ ಬುಡದ ಪುಲ್ಲಿಯಲ್ಲಿ ತಿರುಗಿ, ತಲೆಯ ಪುಲ್ಲಿಗೆ ಏರಿ, ಕೊಕ್ಕೆ ಕೆಳಗೆ ನೇತಾಡುತ್ತಿತ್ತು. ಬುಡದ ಪುಲ್ಲಿ ಇರುವುದು ಮುಖ್ಯ. ಅದಿಲ್ಲದೆ ತಲೆಯಿಂದ ನೇರ ಬೆಟ್ಟದ ಕಡೆ ಎಳೆದರೆ ಡೆರಿಕ್ಕೇ ಮಗುಚುತ್ತದೆ. ಟಿರ್ಫರನ್ನು ದಿಮ್ಮಿಯ ಮರೆಗೆ ಸರಿಸಿದರು. ಸನ್ನೆಕೋಲು ಆಡಿಸುವವನ ಮುಂದೆ ಈಗ ಆಳೆತ್ತರದ ಕಾಂಕ್ರೀಟ್.

ಉಳಿದದ್ದು ಒಂದೇ: ಕೊಕ್ಕೆಯನ್ನು ಪೈಪಿನ ಸ್ಲಿಂಗಿಗೆ ಸಿಕ್ಕಿಸುವವರು ಯಾರು? ಆಗ ಇಕ್ಕ ತರಿಸಿದ್ದು ತೋಟದ ದೋಟಿ. ಹಣ್ಣು ಕೀಳುವ ಬಿದಿರಿನ ಉದ್ದ ಕೋಲೇ. ತುದಿಗೆ ಎಂಟು ಸುತ್ತು ತಂತಿ ಬಿಗಿದು ಕೊಕ್ಕೆಯನ್ನು ಹಿಡಿಯುವ ಒಂದು ಕವೆ ಮಾಡಿದರು. ಪೈಪಿನ ಬಾಯಿಯ ಪಕ್ಕದಲ್ಲಿ, ಓರೆಯಲ್ಲಿ, 4 ಮೀಟರ್ ದೂರ ನಿಂತು ಸಿಕ್ಕಿಸುವುದು ಅಂತ ಆಯಿತು. ಅದಕ್ಕೂ ಮೊದಲು ಹಗ್ಗದ ಬೇಲಿಯ ಹೊರಗೆ ಇನ್ನೊಂದು ಪೈಪಿಗೆ ಸ್ಲಿಂಗ್ ಹಾಕಿ, ಅದೇ ಎತ್ತರದಲ್ಲಿ, ಅದೇ ದೋಟಿಯಲ್ಲಿ ಅಭ್ಯಾಸ ಮಾಡಿದರು. ಮೊದಮೊದಲು ಕೊಕ್ಕೆ ಜಾರುತ್ತಿತ್ತು. ಕೊಕ್ಕೆಯ ಬಾಯಿಗಿರುವ ಸ್ಪ್ರಿಂಗ್ ನಾಲಿಗೆ ಅಡ್ಡ ಬರುತ್ತಿತ್ತು. ದೋಟಿಯನ್ನು ಸ್ವಲ್ಪ ತಿರುಚಿ ಒತ್ತಿದರೆ ನಾಲಿಗೆ ಒಳಗೆ ಹೋಗಿ ಸ್ಲಿಂಗ್ ಕೂರುತ್ತದೆ ಅಂತ ಕಂಡುಕೊಂಡರು. ಕೈ ಕೂರುವ ತನಕ ಅಭ್ಯಾಸ ನಡೆಯಿತು. ಈ ಕೆಲಸದ ಗುಟ್ಟು ಇಷ್ಟೇ. ಭಾರದ ಕೆಲಸದಲ್ಲಿ ನಿಧಾನವೇ ಕ್ಷೇಮ, ವಿಕಿರಣದಲ್ಲಿ ಬೇಗ ಮುಗಿದಷ್ಟೂ ಕ್ಷೇಮ. ಎರಡನ್ನೂ ಒಟ್ಟಿಗೆ ತರುವುದು ಅವಸರದಿಂದ ಆಗುವುದಿಲ್ಲ. ನಿಧಾನದ ಭಾಗವನ್ನೆಲ್ಲ ಬೇಲಿಯ ಹೊರಗೆ ಮುಗಿಸಿಬಿಡಬೇಕು.

ದೋಟಿ ಹಿಡಿದವನು ಕೈಗಾದ ಹುಡುಗ. ಅವನಿಗೆ ಡೋಸ್ ಅಳೆಯುವ ಪಾಕೆಟ್ ಡೋಸಿಮೀಟರ್ ಕೊಟ್ಟು, ಆರ್‌ಎಸ್‌ಒ ಗಡಿಯಾರ ಹಿಡಿದು ನಿಂತರು. ಒಂದು ನಿಮಿಷ ಆದರೆ, ಸಿಕ್ಕಲಿ ಬಿಡಲಿ, ವಾಪಸ್ ಬರಬೇಕು ಅಂತ ಒಪ್ಪಂದ. ಸೋರ್ಸಿನಿಂದ 5 ಮೀಟರ್, ನಡುವೆ ಏನೂ ಇಲ್ಲ ಅಂದುಕೊಂಡರೂ ಆ ಒಂದು ನಿಮಿಷಕ್ಕೆ 0.1 ಮಿಲಿಸೀವರ್ಟ್. ಉಕ್ಕಿನ ಗೋಡೆ ಸೇರಿಸಿದರೆ ಅದಕ್ಕಿಂತಲೂ ಕಡಿಮೆ. ಅರ್ಧ ನಿಮಿಷದೊಳಗೆ ಕೊಕ್ಕೆ ಕೂತಿತು.

ದಿಮ್ಮಿಯ ಮರೆಯಿಂದ ಸನ್ನೆಕೋಲು ಆಡಿತು. ಎತ್ತಬೇಕಾದದ್ದು ಒಂದು ತುದಿ ಮಾತ್ರ, ಅರ್ಧ ತೂಕ. ಕೈಗಳೆತ್ತಿ ಸಂಜ್ಞೆ ಮಾಡಲು ಒಬ್ಬರೇ ಒಬ್ಬರು, ಬೇರೆ ಯಾರೂ ಕೂಗುವ ಹಾಗಿಲ್ಲ. ಪೈಪಿನ ತುದಿ ಒಂದು ಗೇಣು ಎದ್ದ ಮೇಲೆ ನಿಲ್ಲಿಸಿ, ಉದ್ದ ಕೋಲುಗಳಲ್ಲಿ ಪಕ್ಕದಿಂದ ಎರಡು ಸ್ಲೀಪರ್ ತಳ್ಳಿ, ಟ್ಯೂಬಿನ ಎಡಬಲಕ್ಕೆ ಕೂರಿಸಿ, ಭಾರವನ್ನು ಅವುಗಳ ಮೇಲೆ ಇಳಿಸಿದರು. ತೂಗುತ್ತಿರುವ ಭಾರದ ಕೆಳಗೆ ಕೈ ಹಾಕುವ ಮಾತೇ ಇಲ್ಲ, ಅದು ಟಿರ್ಫರ್ ಆಗಲಿ ಮತ್ತೊಂದಾಗಲಿ.

ಟ್ಯೂಬ್ ಚಪ್ಪಟೆಯಾಗಿತ್ತು. ಆರ್‌ಎಸ್‌ಒ ಪಕ್ಕದಿಂದ ಹೋಗಿ, ಪೈಪಿನ ಬಾಯಿಗೆ ಸೀಸದ ಗುಂಡಿನ ಚೀಲಗಳನ್ನು ಚಿಮ್ಮಟದಲ್ಲಿ ಒಡ್ಡಿ, ಉದ್ದ ಹಿಡಿಯ ಇಕ್ಕಳದಲ್ಲಿ ಟ್ಯೂಬನ್ನು ಅಡ್ಡದಿಕ್ಕಿನಿಂದ ಒತ್ತಿ ಗುಂಡಗೆ ಮಾಡಿದರು. ಒಂದೇ ಸಲಕ್ಕೆ ಆಗಲಿಲ್ಲ. ಒತ್ತುವುದು, ಹಿಂದೆ ಬರುವುದು, ಕ್ರ್ಯಾಂಕ್ ಮೆಲ್ಲಗೆ ತಿರುಗಿಸಿ ನೋಡುವುದು. ಕೊನೆಗೆ ಸೋರ್ಸ್ ದಾಟಿ ಕ್ಯಾಮೆರಾದೊಳಗೆ ಹೋಗಿ ಲಾಕ್ ಬಿದ್ದ ಸದ್ದು ಕೇಳಿಸಿತು. ಸದ್ದನ್ನು ನಂಬುವ ಹಾಗಿಲ್ಲ. ಸರ್ವೆ ಮೀಟರ್ ಹಿಡಿದು ಟ್ಯೂಬಿನ ಉದ್ದಕ್ಕೂ, ಕ್ಯಾಮೆರಾದ ಎಲ್ಲ ಮಗ್ಗುಲಿಗೂ ಅಳೆದ ಮೇಲೆಯೇ ಹಗ್ಗ ಬಿಚ್ಚಿದ್ದು. ಈ ಕೊನೆಯ ಭಾಗ ತರಬೇತಿ ಪಡೆದ, ಅಧಿಕಾರ ಇರುವವರ ಕೆಲಸ. ಓದಿಕೊಂಡು ಮಾಡುವಂಥದ್ದಲ್ಲ. ವಿಷಯವನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಗೆ ವರದಿ ಮಾಡಲಾಯಿತು. ರೇಡಿಯೋಗ್ರಫಿ ತಂಡದವರು ಮೈಮೇಲೆ ಧರಿಸುವ, ಡೋಸ್ ದಾಖಲಿಸುವ ಟಿಎಲ್‌ಡಿ ಬ್ಯಾಡ್ಜುಗಳನ್ನು ಮೂರು ತಿಂಗಳು ಕಾಯದೆ ಕೂಡಲೇ ಪರೀಕ್ಷೆಗೆ ಕಳಿಸಲಾಯಿತು.

ಬ್ಲಾಕ್ ಬಿಚ್ಚಿದಾಗ

ಚೈನ್ ಬ್ಲಾಕಿನ ಮುಚ್ಚಳ ತೆಗೆದಾಗ ಬೆರಳಿಗೆ ಹತ್ತಿದ್ದು ಗ್ರೀಸ್. ಇರಬಾರದ ಜಾಗದಲ್ಲಿ. ಒಳಗೆ ಬ್ರೇಕಿನ ಎರಡು ಉಜ್ಜುಬಿಲ್ಲೆಗಳಿರುತ್ತವೆ, ನಡುವೆ ಒಂದು ಹಲ್ಲುಚಕ್ರ, ಅದಕ್ಕೆ ಸಿಕ್ಕುವ ಚಿಕ್ಕ ನಾಲಿಗೆ. ಭಾರವೇ ತಿರುಪಿನ ಮೂಲಕ ಈ ಬಿಲ್ಲೆಗಳನ್ನು ಒತ್ತಿ ಹಿಡಿಯುತ್ತದೆ. ಕೈ ಬಿಟ್ಟರೂ ಭಾರ ನಿಲ್ಲುವುದು ಬಿಲ್ಲೆಗಳ ಉಜ್ಜಾಟದಿಂದ. ಈ ಬ್ಲಾಕಿನಲ್ಲಿ ಅವು ಒಣಗಿರಲೇಬೇಕು. ಲೋಡ್ ಚೈನಿಗೆ ಎಣ್ಣೆ ಬೇಕು, ಬ್ರೇಕಿಗೆ ಬೇಡ. ಮಳೆಗಾಲಕ್ಕೆ ತುಕ್ಕು ಹಿಡಿಯದಿರಲಿ ಅಂತ ಯಾರೋ ಒಳ್ಳೆಯ ಮನಸ್ಸಿನಿಂದ ಎಲ್ಲಕ್ಕೂ ಧಾರಾಳವಾಗಿ ಮೆತ್ತಿದ್ದರು. ಅದರ ಮೇಲೆ ಹೂಮಳೆಯ ನೀರು. ಸಂಜೆ ಎತ್ತಿದಾಗ ಹಿಡಿದಿತ್ತು. ಮೂರ್ನಾಲ್ಕು ಗಂಟೆಯಲ್ಲಿ ಇಷ್ಟಿಷ್ಟೇ ಜಾರಿತು. ಹ್ಯಾಂಡ್ ಚೈನ್ ಕಾಲಿಗೆ ಕಟ್ಟಿದ್ದ ಸುತ್ತು ಸಡಿಲವಾಗಿತ್ತು, ತಡೆಯಲಿಲ್ಲ.

ಆಗಿನ ಕಾರ್ಖಾನೆ ಕಾಯ್ದೆಯ 29ನೇ ಕಲಮಿನ ಪ್ರಕಾರ ಎತ್ತುವ ಸಾಧನಗಳನ್ನು ವರ್ಷಕ್ಕೊಮ್ಮೆಯಾದರೂ ಅರ್ಹ ವ್ಯಕ್ತಿ ಪೂರ್ತಿ ಪರೀಕ್ಷಿಸಬೇಕಿತ್ತು. ಈ ಬ್ಲಾಕಿಗೆ ಸರ್ಟಿಫಿಕೇಟ್ ಇತ್ತು. ಗ್ರೀಸ್ ಹಚ್ಚಿದ್ದು ಅದರ ಆಮೇಲೆ. ವರ್ಷದ ಸರ್ಟಿಫಿಕೇಟ್ ಇವತ್ತಿನ ಬೆಳಗ್ಗೆಯ ಪರೀಕ್ಷೆಗೆ ಬದಲಿ ಅಲ್ಲ. ಭಾರವನ್ನು ನೆಲದಿಂದ ಒಂದು ಬೆರಳಷ್ಟು ಎತ್ತಿ ಐದು ನಿಮಿಷ ನೋಡಿದರೆ ಜಾರುವ ಬ್ರೇಕ್ ಎಷ್ಟೋ ಸಲ ತಾನೇ ಹೇಳಿಬಿಡುತ್ತದೆ.

ಬಿಚ್ಚುವಾಗ ಇನ್ನೊಂದು ಸಂಗತಿ ಎದ್ದಿತು. ಹುಡುಗರು ಆ ಬ್ಲಾಕನ್ನು ಮುಟ್ಟಲು ಹೆದರಿದರು, ವಿಷ ಹತ್ತಿದೆ ಅಂತ. ಹೊಳೆಗೆ ಎಸೆಯೋಣ ಅಂದವರೂ ಇದ್ದರು. ಇಲ್ಲಿ ಹೆದರಿಕೆಗೆ ಕಾರಣ ಇಲ್ಲ. ಸೋರ್ಸ್ ಮುಚ್ಚಿದ ಕ್ಯಾಪ್ಸೂಲ್, ಒಡೆದಿರಲಿಲ್ಲ. ಇರಿಡಿಯಂನ ಕಿರಣ ಬಿದ್ದ ಕಬ್ಬಿಣ ತಾನು ವಿಕಿರಣ ಸೂಸುವುದಿಲ್ಲ. ಕೈಗಾದ ಹುಡುಗನಿಗೆ ಇದನ್ನು ನಂಬಿಸುವುದು ಕಷ್ಟವಾಯಿತು, ಅವನ ಅನುಭವ ಬೇರೆ. ಅಣುಸ್ಥಾವರದ ಕೆಲವು ಕೋಣೆಗಳಲ್ಲಿ ವಿಕಿರಣದ ಧೂಳು, ದ್ರವ ಇರಬಹುದು. ಅಲ್ಲಿ ಚೈನಿನ ಕೊಂಡಿಗಳ ನಡುವೆ, ತಂತಿಹಗ್ಗದ ಎಳೆಗಳ ನಡುವೆ, ಗ್ರೀಸಿನಲ್ಲಿ ಆ ಕೊಳೆ ಸೇರಿಕೊಂಡರೆ ತೊಳೆದು ತೆಗೆಯುವುದು ಹರಸಾಹಸ. ಅದಕ್ಕೇ ಚೈನಿಗೆ ಪ್ಲಾಸ್ಟಿಕ್ ತೋಳು ಹಾಕುತ್ತಾರೆ, ಗ್ರೀಸ್ ಆದಷ್ಟು ಕಡಿಮೆ ಇಡುತ್ತಾರೆ, ಒಳಗೆ ಹೋದ ಬ್ಲಾಕನ್ನು ಒರೆಸಿ ಪರೀಕ್ಷಿಸದೆ ಹೊರಗೆ ಬಿಡುವುದಿಲ್ಲ. ಎರಡೆರಡು ಜೊತೆ ಗ್ಲೌಸ್ ಹಾಕಿದ ಕೈಗೆ ಹ್ಯಾಂಡ್ ಚೈನ್ ಜಾರುತ್ತದೆ, ಮುಖವಾಡದೊಳಗಿನಿಂದ ಕೂಗಿದ್ದು ಕೇಳಿಸುವುದಿಲ್ಲ. ಅಲ್ಲಿನ ಕಷ್ಟ ಮೈಗೆ ಹತ್ತುವ ಕೊಳೆಯದ್ದು. ಇಲ್ಲಿನದು ದೂರ ಮತ್ತು ಹೊತ್ತಿನದು.

ಉಳಿದ ಬೆಸುಗೆಗಳ ಕೆಲಸ ಮುಂದಿನ ವಾರ ಶುರುವಾಯಿತು. ಹೊಸ ಪರ್ಮಿಟ್ ಕಾಗದ ಒಂದೇ, ಸಹಿ ಎರಡು. ಸೋರ್ಸ್ ಹೊರಗೆ ಬರುವ ಮೊದಲು ಇಕ್ಕ ತಾವೇ ಲೈನಿನ ಉದ್ದಕ್ಕೂ ನಡೆದು 'ತೂಗುವ ಭಾರ ಯಾವುದೂ ಇಲ್ಲ, ಎಲ್ಲ ಸ್ಲೀಪರ್ ಮೇಲಿದೆ' ಅನ್ನುವ ಸಾಲಿಗೆ ಸಹಿ ಹಾಕಬೇಕು. ಅದಾದ ಮೇಲೆ ರೇಡಿಯೋಗ್ರಾಫರ್ ಗೈಡ್ ಟ್ಯೂಬಿನ ದಾರಿ ನೋಡಿ ಸಹಿ ಹಾಕಬೇಕು. ದಿನಾ ಸಂಜೆ ಇಳಿಸಿ ಬೆಳಗ್ಗೆ ಎತ್ತಲು ಹೋಗುವ ಒಂದೂವರೆ ಗಂಟೆಯ ಕೂಲಿ ಯಾರು ಕೊಡಬೇಕು ಅಂತ ಗುತ್ತಿಗೆದಾರರೂ ಘಟಕದವರೂ ಮಾಡಿಕೊಂಡ ಜಗಳ ಮಾತ್ರ ನಾನು ವರದಿ ಕೊಡುವ ತನಕ ಮುಗಿದಿರಲಿಲ್ಲ.